ಹತ್ತಿ ಗಡ್ಡದ ತಾತನನ್ನು ಯಾರೂ ಕೇಳಬಾರದು

ನನಗೆ ದೆವ್ವ ಭೂತಗಳಲ್ಲಿ ನಂಬಿಕೆಯಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಸಂಗತಿಯನ್ನು ಯಾರಿಗೆ ಹೇಳಲು ಹೋದರೂ ಅರ್ಧಕ್ಕೇ ತಡೆದು, ಅಷ್ಟು ಓದಿದವಳು ಇಂಥದ್ದನ್ನೆಲ್ಲ ನಂಬುತ್ತೀಯಾ ಎಂದು ಕೇಳುತ್ತಾರೆ. ನಂಬುವುದಿಲ್ಲ. ಹಾಗಿದ್ದರೂ ಆ ವರ್ಷದ ಡಿಸೆಂಬರ್ ನೆನೆದಾಗ ಮೈಮೇಲಿನ ಕೂದಲು ನೆಟ್ಟಗೆ ನಿಲ್ಲುತ್ತವೆ. ಅವು ನನ್ನನ್ನು ಕೇಳಿ ನಿಲ್ಲುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ರಾಯಚೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಅಪ್ಪ ಅರಕೇರಾ ಕಡೆಯವನು. ಹರೆಯದಲ್ಲೇ ಊರು ಬಿಟ್ಟು ಬಂದು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿಗೆ ಸೇರಿಕೊಂಡಿದ್ದ. ಅವ್ವ ಮಾನ್ವಿಯವಳು. ಅವರಿಗೆ ನಾನೊಬ್ಬಳೇ ಮಗಳು. ಚರ್ಚಿನ ಹಿಂದಿನ ಓಣಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿತ್ತು, ಅದರ ನಡುವೆ ನಮ್ಮದೊಂದು. ಮಿಲ್ಲಿನ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು. ಆ ಸದ್ದು ನಿಂತ ದಿನ ನಮಗೆ ನಿದ್ದೆ ಬರುತ್ತಿರಲಿಲ್ಲ.

ಡಿಸೆಂಬರ್ ಶುರುವಾಯಿತೆಂದರೆ ಚರ್ಚಿನ ಗೇಟಿನಿಂದ ದೊಡ್ಡ ರಸ್ತೆಯವರೆಗಿನ ಹಾದಿ ಪೂರ್ತಿ ಬಜಾರವಾಗುತ್ತಿತ್ತು. ಮೊಹರಮ್ಮಿಗೆ ತಾಬೂತು ಕಟ್ಟುವ ಮನುಷ್ಯನೇ ಆ ತಿಂಗಳು ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ಚುಕ್ಕಿಗಳನ್ನು ಕಟ್ಟಿ ಮಾರುತ್ತಿದ್ದ. ನಾವು ಅದನ್ನು ನಕ್ಷತ್ರ ಅನ್ನುತ್ತಿರಲಿಲ್ಲ, ಚುಕ್ಕಿ ಅಂತಲೇ ಅನ್ನುತ್ತಿದ್ದೆವು. ಬಳೆಗಾರರು ಬರುತ್ತಿದ್ದರು, ಹೈದರಾಬಾದಿನಿಂದ ಜರಿಯ ಮಾಲೆ ತಂದವರು ಬರುತ್ತಿದ್ದರು, ಮಂಡಾಳು ಎನ್ನುವ ಮಂಡಕ್ಕಿ, ಬಿಸಿ ಮಿರ್ಚಿ ಮಾರುವ ಬಂಡಿಗಳಂತೂ ಎಲ್ಲ ಹಬ್ಬಕ್ಕೂ ಹಾಜರು. ಬೇಕರಿಯ ಮುಂದೆ ಹೆಂಗಸರು ಹಿಟ್ಟು ಕಲಸಿದ ಡಬ್ಬಿಗಳನ್ನು ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಮನೆಯಲ್ಲಿ ಭಟ್ಟಿ ಯಾರಿಗಿತ್ತು? ಬೇಕರಿಯವನೇ ಕೇಕು ಸುಟ್ಟು ಕೊಡಬೇಕು. ನನ್ನ ಡಬ್ಬಿ ಮುಂದೆ, ನಿನ್ನ ಡಬ್ಬಿ ಹಿಂದೆ ಎಂದು ಅಲ್ಲಿ ನಡೆಯುತ್ತಿದ್ದ ಜಗಳಗಳನ್ನು ನೋಡಲಿಕ್ಕೇ ನಾನು ಹೋಗುತ್ತಿದ್ದೆ.

ಆದರೆ ಎಲ್ಲಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದುದು ಹತ್ತಿ. ಗೋಣಿಚೀಲಗಳ ಬಾಯಿ ಬಿಚ್ಚಿಟ್ಟು ಬೀಜ ತೆಗೆದ ಹೊಸ ಹತ್ತಿಯನ್ನು ಮಾರುತ್ತಿದ್ದರು. ನಮ್ಮ ಕಡೆ ಹಬ್ಬದ ಮರವೆಂದರೆ ಹಳ್ಳದ ದಂಡೆಯಿಂದ ಕಡಿದು ತಂದ ಜಾಲಿಯ ಕೊಂಬೆ. ಅದರ ಒಂದೊಂದು ಮುಳ್ಳಿಗೂ ಒಂದೊಂದು ಚೂರು ಹತ್ತಿ ಚುಚ್ಚಿದರೆ ಅದೇ ಹಿಮ. ಹಿಮವನ್ನು ಯಾರೂ ನೋಡಿರಲಿಲ್ಲ, ಹಾಗಾಗಿ ಯಾರೂ ತಪ್ಪು ಹುಡುಕುತ್ತಿರಲಿಲ್ಲ.

ಹತ್ತಿಯ ಇನ್ನೊಂದು ಖರ್ಚು ತಾತನ ಗಡ್ಡಕ್ಕೆ. ಹಬ್ಬಕ್ಕೆ ವಾರವಿರುವಾಗ ಹಾಡುವ ಮೇಳ ದಿನಕ್ಕೊಂದು ಓಣಿಯಂತೆ, ದೀಪ ಹಚ್ಚುವ ಹೊತ್ತಿಗೆ, ಮನೆಮನೆಗೆ ಹೋಗುತ್ತಿತ್ತು. ಡೋಲಕು, ತಾಳ, ಒಂದು ಗ್ಯಾಸ್ ಬತ್ತಿ, ಮುಂದೆ ಕುಣಿಯುವ ಕ್ರಿಸ್ಮಸ್ ತಾತ. ಕೆಂಪು ನಿಲುವಂಗಿ, ಕೆನ್ನೆಗೆ ಗುಲಾಬಿ ಬಣ್ಣ ಬಳಿದ ರಟ್ಟಿನ ಮುಖವಾಡ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಮೊದಲ ದಿನ ಅವನ ಗಡ್ಡ ಒಂದು ಗೇಣು ಇರುತ್ತಿತ್ತು. ಹಾಡು ಮುಗಿದ ಮೇಲೆ ಮನೆಯ ಹೆಂಗಸು ಹೊಸ್ತಿಲ ಮೇಲೆ ನಿಂತು ಒಂದು ಹಿಡಿ ಹತ್ತಿಯನ್ನು ಆ ಗಡ್ಡಕ್ಕೆ ಸೇರಿಸಬೇಕು. ಆ ಮನೆಯ ಆ ವರ್ಷದ ಕಷ್ಟವೆಲ್ಲ ಆ ಹತ್ತಿಯ ಜೊತೆ ಹೋಯಿತು ಎಂದು ಅರ್ಥ. ಕೊನೆಯ ದಿನದ ಹೊತ್ತಿಗೆ ಗಡ್ಡ ಸೊಂಟ ದಾಟುತ್ತಿತ್ತು.

ವೇಷದೊಳಗೆ ಯಾರಿದ್ದಾರೆಂದು ಮಾತ್ರ ಕೇಳಬಾರದು. ಇದು ಬೇರೆ ಊರುಗಳಲ್ಲಿ ಇದೆಯೋ ಇಲ್ಲವೋ, ನಮ್ಮ ಓಣಿಗಳಲ್ಲಿ ಕಟ್ಟುನಿಟ್ಟಾಗಿತ್ತು. ಮೇಳದ ಹಿರಿಯರು ಯಾರೋ ಒಬ್ಬರ ಕಿವಿಯಲ್ಲಿ ಈ ಸಲ ನೀನು ಎಂದು ಹೇಳುತ್ತಿದ್ದರು. ಅವನು ಚರ್ಚಿನ ಹಿಂದಿನ ಕೋಣೆಯ ಟ್ರಂಕಿನಿಂದ ವೇಷ ತೆಗೆದುಕೊಂಡು ಹಾಕಿಕೊಂಡು ಬರಬೇಕು. ಮಾತಾಡಬಾರದು. ಮುಗಿದ ಮೇಲೆ ಮೇಳದ ಹಿಂದೆ ಉಳಿದು ತನ್ನಷ್ಟಕ್ಕೆ ಹೋಗಿಬಿಡಬೇಕು. ಯಾರಾದರೂ ಹೆಸರು ಹಿಡಿದು ಕರೆದರೆ ಅಲ್ಲೇ ಮುಖವಾಡ ಕಳಚಬೇಕು, ಆ ವರ್ಷದ ಹಾಡು ಅಲ್ಲಿಗೇ ನಿಲ್ಲಬೇಕು.

ನನಗೆ ಬುದ್ಧಿ ಬಂದಾಗಿನಿಂದ ಆ ತಾತ ನನ್ನ ಅಪ್ಪನೇ. ಇದು ಇಡೀ ಓಣಿಗೆ ಗೊತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ. ಅಪ್ಪನ ಎಡಗಾಲಿನ ಹೆಬ್ಬೆರಳು ಹತ್ತಿಯ ಪ್ರೆಸ್ಸಿಗೆ ಸಿಕ್ಕು ಹೋಗಿತ್ತು, ಹಾಗಾಗಿ ಕುಣಿಯುತ್ತ ತಿರುಗುವಾಗ ಎಡಗಾಲಿನ ಹಿಮ್ಮಡಿಯನ್ನು ಮೊದಲು ಊರಿ, ಅದರ ಮೇಲೆ ಬುಗುರಿಯ ಹಾಗೆ ತಿರುಗುತ್ತಿದ್ದ. ನಮ್ಮ ಮನೆಯ ಮುಂದೆ ನಿಂತಾಗ ಅವ್ವ ತಲೆ ಮೇಲೆ ಸೆರಗು ಹೊದ್ದು, ಪರಗಂಡಸಿನ ಮುಂದೆ ನಿಂತ ಹಾಗೆ ನಿಂತು, ಗಡ್ಡಕ್ಕೆ ಹತ್ತಿ ಸೇರಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಪ್ಪ ಏನೂ ಅರಿಯದವನಂತೆ ಮನೆಗೆ ಬಂದು, ಮುಖ ತೊಳೆದು, "ತಾತ ಬಂದಿದ್ದನೇನ?" ಎಂದು ಕೇಳುತ್ತಿದ್ದ. "ಬಂದಿದ್ದ. ಮುದುಕ ಆಗ್ಯಾನ, ಕಾಲು ಏಳವಲ್ಲವು" ಅನ್ನುತ್ತಿದ್ದಳು ಅವ್ವ. ನಾನು ಬಾಯಿಗೆ ಅವ್ವನ ಸೆರಗು ತುರುಕಿಕೊಂಡು ನಗುತ್ತಿದ್ದೆ.

ಕೊನೆಯ ಎರಡು ಮೂರು ವರ್ಷ ತಾತ ಮುಖವಾಡದೊಳಗೇ ಕೆಮ್ಮುತ್ತಿದ್ದ. ಡೋಲಕು ಬಾರಿಸುವವರು ಆಗ ಸದ್ದು ಜೋರು ಮಾಡುತ್ತಿದ್ದರು. ಅವರು ಅಪ್ಪನ ಗೆಳೆಯರು, ನಾನು ಅವರನ್ನು ಡೋಲಕಿನ ಕಾಕಾ ಅನ್ನುತ್ತಿದ್ದೆ. ಆಮೇಲೆ ಒಂದು ಮಳೆಗಾಲದಲ್ಲಿ ಕೆಮ್ಮು ಅಪ್ಪನನ್ನು ಹಾಸಿಗೆಗೆ ಕೆಡವಿತು, ಮಳೆ ಮುಗಿಯುವ ಮೊದಲೇ ಕರೆದುಕೊಂಡು ಹೋಯಿತು. ಹತ್ತಿಯ ಧೂಳು ಒಳಗೆ ಹೋಗಬಾರದೆಂದು ಜೀವಮಾನವೆಲ್ಲ ಮೂಗಿಗೆ ಟವೆಲು ಕಟ್ಟಿಕೊಂಡು ದುಡಿದವನ ಮೂಗಿಗೆ ಕೊನೆಗೆ ಹತ್ತಿಯನ್ನೇ ಇಟ್ಟರು. ಅದನ್ನು ಇಡುವಾಗ ಅವ್ವ ನೋಡುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ.

ಅಂದಿನಿಂದ ಅವ್ವ ಕರಗತೊಡಗಿದಳು. ಅಳುತ್ತಿರಲಿಲ್ಲ, ಅತ್ತಿದ್ದರೆ ನಾನಷ್ಟು ಹೆದರುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದಳು, ನನಗೆ ಬಡಿಸುತ್ತಿದ್ದಳು, ತಾನು ಒಂದು ತುಣುಕು ಮುರಿದು ಬಾಯಲ್ಲಿಟ್ಟುಕೊಂಡು ಅದನ್ನೇ ಅಗಿಯುತ್ತ ಬಾಗಿಲ ಕಡೆ ನೋಡುತ್ತಿದ್ದಳು. ಗಾದಿ, ತಲೆದಿಂಬುಗಳ ಹೊಲಿಗೆ ಬಿಚ್ಚಿ ಒಳಗಿನ ಹತ್ತಿಯನ್ನೆಲ್ಲ ಹೊರಗೆ ಸುರಿದಳು. ನಾವು ಚಾಪೆಯ ಮೇಲೆ ಮಲಗತೊಡಗಿದೆವು. ಕುಪ್ಪಸಗಳು ಅವಳ ಮೈಮೇಲೆ ಬೇರೆಯವರದ್ದರ ಹಾಗೆ ಜೋಲುತ್ತಿದ್ದವು. ಮಾನ್ವಿಯಿಂದ ಅವಳ ಅಣ್ಣ, ನನ್ನ ಸೋದರಮಾವ, ಬಂದು ನೋಡಿ ಹೊರಗೆ ಕಟ್ಟೆಯ ಮೇಲೆ ಕುಳಿತು ಬೀಡಿ ಹಚ್ಚಿದ.

"ಹಿಂಗ ಆದ್ರ ಈಕಿ ಹಬ್ಬ ದಾಟೂದಿಲ್ಲ" ಎಂದ. "ಹಬ್ಬ ಮುಗಿದ ಕೂಡಲೇ ಮನಿಗೆ ಕೀಲಿ ಹಾಕಿ ಮಾನ್ವಿಗೆ ಕರಕೊಂಡು ಹೋಗ್ತೀನಿ. ನೀನೂ ಬಾ."

 ಮಾನ್ವಿಗೆ ಹೋದ ಮಾತ್ರಕ್ಕೆ ಅವ್ವ ಬದುಕುತ್ತಾಳೆ ಎಂದು ನನಗೆ ಅನ್ನಿಸಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಅವ್ವ ನನ್ನ ತಲೆ ಬಾಚುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳಾಗಿ ಬಾಯಿ ಬಿಟ್ಟಳು.

"ಈ ಸಲ ಬಂದ್ರ ನಾ ಮುಖ ತಗದು ನೋಡ್ತೀನಿ."

"ಯಾರು ಬಂದ್ರ?"

"ಮತ್ಯಾರು. ತಾತ."

"ಅವ್ವಾ, ಈ ಸಲ ಬ್ಯಾರೆ ಯಾರನ್ನರ ಹಾಕಿರ್ತಾರ."

"ಅದನ್ನೇ ನೋಡ್ತೀನಿ ಅಂದೆ" ಎಂದು ಜಡೆಯನ್ನು ಬಿಗಿಯಾಗಿ ಎಳೆದಳು. ಕೈಯಲ್ಲಿ ಶಕ್ತಿಯಿಲ್ಲದವಳು ಹಾಗೆ ಎಳೆದದ್ದಕ್ಕೆ ನನಗೆ ಆಶ್ಚರ್ಯವಾಯಿತು.

ಆಗಲೇ ನನಗೆ ಭಯ ಶುರುವಾದದ್ದು. ಮುಖವಾಡ ಕಳಚಿದಾಗ ಮಿಲ್ಲಿನ ಯಾವನೋ ಒಬ್ಬನ ಬೆವೆತ ಮುಖ ಹೊರಗೆ ಬಂದರೆ ಅವ್ವ ಆ ಹೊಸ್ತಿಲ ಮೇಲೇ ಮುಗಿದುಹೋಗುತ್ತಾಳೆ. ಅವಳು ಬದುಕಿದ್ದೇ ಆ ಒಂದು ಕಾಯುವಿಕೆಯ ಮೇಲೆ. ಮತ್ತು ಯಾವನೋ ಒಬ್ಬನ ಮುಖ ಬಾರದಿದ್ದರೆ? ಅದನ್ನು ನಾನು ಯೋಚಿಸಲು ಹೋಗಲಿಲ್ಲ.

ಮೇಳ ಹೊರಟ ಮೊದಲ ದಿನ ನಾನು ಸೀಮೆಎಣ್ಣೆ ತರಲು ಬಜಾರದಲ್ಲಿದ್ದೆ. ಸಂಜೆಯ ಚಳಿಯಲ್ಲಿ ಚುಕ್ಕಿಗಳ ಒಳಗೆ ದೀಪ ಹಚ್ಚಿದ್ದರು. ಕೆಂಪು, ಹಸಿರು ಬೆಳಕು ಜನರ ಮುಖದ ಮೇಲೆ ಬಿದ್ದು ಪರಿಚಯದವರೂ ಪರಿಚಯವಿಲ್ಲದವರಂತೆ ಕಾಣುತ್ತಿದ್ದರು. ಡೋಲಕಿನ ಸದ್ದು ಬಂತು, ಗುಂಪು ಸರಿದು ದಾರಿ ಬಿಟ್ಟಿತು. ಬೇಕರಿಯ ಮುಂದೆ ತಾತ ಕುಣಿಯುತ್ತ ಬಂದ. ಬಂದವನು ಎಡಗಾಲಿನ ಹಿಮ್ಮಡಿಯನ್ನು ಮೊದಲು ಊರಿ ತಿರುಗಿದ.

ಸೀಮೆಎಣ್ಣೆಯ ಡಬ್ಬಿ ನನ್ನ ಕೈಯಿಂದ ಜಾರಿತು. ಯಾರೋ ಬೈದರು. ನಾನು ಅಲ್ಲೇ ನಿಂತು ಆ ಕಾಲನ್ನೇ ನೋಡಿದೆ. ಮತ್ತೆ ತಿರುಗಿದ. ಮತ್ತೆ ಹಿಮ್ಮಡಿ ಮೊದಲು. ಅನುಕರಣೆ ಮಾಡುವವರು ಒಂದು ಕೂದಲೆಳೆಯಷ್ಟು ಹೆಚ್ಚು ಮಾಡುತ್ತಾರೆ, ಇವನು ಏನನ್ನೂ ಹೆಚ್ಚು ಮಾಡಲಿಲ್ಲ. ಒಂದು ವ್ಯತ್ಯಾಸ ಮಾತ್ರ ಇತ್ತು. ಇವನು ಕೆಮ್ಮುತ್ತಿರಲಿಲ್ಲ. ಇದು ಹೋದ ವರ್ಷದ ಅಪ್ಪನ ಕುಣಿತವಲ್ಲ, ನಾನು ಸಣ್ಣವಳಿದ್ದಾಗ ಅವನ ಹೆಗಲ ಮೇಲೆ ಕುಳಿತು ಬಜಾರ ನೋಡುತ್ತಿದ್ದ ಕಾಲದ ಅಪ್ಪನ ಕುಣಿತ.

ಬೇಕರಿಯ ಸಾಹೇಬರು ಕೈಯಲ್ಲಿ ಉದ್ದನೆಯ ಸಲಿಕೆ ಹಿಡಿದುಕೊಂಡು ನನ್ನ ಹಿಂದೆ ಬಂದು ನಿಂತಿದ್ದರು. ನಾನು ಕೇಳದೆಯೇ ಮೆಲ್ಲಗೆ ಹೇಳಿದರು. "ಬೇಟಿ, ಭಟ್ಟಿ ಮುಂದ ನಿಂತು ಎಷ್ಟು ವರ್ಷ ನೋಡೀನಿ ನಾನು. ಕಾಲು ಅದೇ ಅದ." ಹೇಳಿದ ಮೇಲೆ ತಾವೇ ಹೆದರಿದವರ ಹಾಗೆ ಒಳಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಕೇಳಬಾರದ್ದನ್ನು ಕೇಳಿದೆ. ಡೋಲಕಿನ ಕಾಕಾ ಮನೆಯ ಮುಂದೆ ಬಿಸಿಲಿಗೆ ಡೋಲಕು ಇಟ್ಟುಕೊಂಡು ಹಗ್ಗ ಬಿಗಿಯುತ್ತಿದ್ದರು.

"ಕಾಕಾ, ಈ ಸಲ ತಾತನ ವೇಷ ಯಾರಿಗೆ ಕೊಟ್ಟೀರಿ?"

ಅವರ ಕೈ ನಿಂತಿತು. "ಕೇಳಬಾರದು ಅಂತ ಗೊತ್ತಿಲ್ಲೇನ ನಿನಗ?"

"ಗೊತ್ತದ. ಅವ್ವನ ಸಲುವಾಗಿ ಕೇಳಾಕತ್ತೀನಿ."

ಅವರು ಬಿಗಿದ ಹಗ್ಗವನ್ನು ಮತ್ತೆ ಸಡಿಲಿಸಿದರು. "ನಾ ಯಾರಿಗೂ ಹೇಳಿಲ್ಲವ್ವಾ. ಹೇಳಾವರು ಹಿರೇರು. ಅವರು ದೇವದುರ್ಗದಿಂದನೇ ಯಾರಿಗರ ಹೇಳಿ ಕಳಿಸಿರಬೇಕು ಅಂತ ನಾ ತಿಳಕೊಂಡೀನಿ. ಸಂಜೀಕ ತಾತ ಬಂದು ನಿಂತ, ನಾವು ಹಾಡು ಹಚ್ಚಿದ್ವಿ. ಕೇಳೂದು ನಮ್ಮ ಪದ್ಧತಿ ಅಲ್ಲ" ಎಂದರು. ಆಮೇಲೆ ನನ್ನ ಮುಖ ನೋಡದೆ, "ಕಾಲು ನಾನೂ ನೋಡೀನಿ" ಎಂದರು.

ಮೇಳದ ಹಿರಿಯರು ನಮ್ಮ ಶಾಲೆಯ ಹಳೆಯ ಮಾಸ್ತರರು. ಲಕ್ವ ಹೊಡೆದು ಅರ್ಧ ಮೈ ಬಿದ್ದ ಮೇಲೆ ದೇವದುರ್ಗದಲ್ಲಿ ಮಗಳ ಮನೆಯಲ್ಲಿದ್ದರು. ನಾನು ಕಾಲೇಜಿಗೆ ಹೋಗುತ್ತೇನೆಂದು ಹೇಳಿ ದೇವದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದರು. ಬಗ್ಗಿದ ಹೆಂಗಸರು ಬಸ್ಸಿನ ಸದ್ದಿಗೆ ಒಟ್ಟಿಗೇ ತಲೆಯೆತ್ತಿ ನೋಡಿ ಒಟ್ಟಿಗೇ ಬಗ್ಗುತ್ತಿದ್ದರು. ಎಲ್ಲರೂ ಧೂಳಿಗೆ ಮುಖ ಕಟ್ಟಿಕೊಂಡಿದ್ದರು, ಕಣ್ಣು ಮಾತ್ರ ಕಾಣುತ್ತಿದ್ದವು. ದಿನಾ ನೋಡುವ ನೋಟ ಅದು, ಆವತ್ತು ಮಾತ್ರ ನನಗೆ ಆ ಕಣ್ಣುಗಳನ್ನು ನೋಡಲಾಗಲಿಲ್ಲ.

ಮಾಸ್ತರರು ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ್ದರು. ಬಾಯಿ ಒಂದು ಕಡೆ ಎಳೆದಿತ್ತು, ಆದರೂ ಮಾತು ತಿಳಿಯುತ್ತಿತ್ತು. ಅಪ್ಪನ ಸುದ್ದಿ ತೆಗೆದು ಮೊದಲು ಅತ್ತರು. ಅವರು ಅತ್ತು ಮುಗಿಸುವವರೆಗೆ ಕಾದು ನಾನು ಕೇಳಿದೆ.

"ನಾ ಯಾರಿಗೂ ಹೇಳಿಲ್ಲವ್ವಾ" ಎಂದರು. "ನಾ ಇಲ್ಲಿ ಬಿದ್ದೀನಿ. ಡೋಲಕಿನವ ನೋಡಿಕೋತಾನ ಅಂತ ಸುಮ್ಮನಾದೆ."

"ಅವರು ನೀವು ಹೇಳೀರಿ ಅಂತ ಸುಮ್ಮನಾಗ್ಯಾರ್ರೀ."

ಮಾಸ್ತರರ ಒಳ್ಳೆಯ ಕೈ ಹೊದಿಕೆಯ ಅಂಚನ್ನು ಹಿಡಿದುಕೊಂಡಿತು. ಇಬ್ಬರೂ ಕೇಳಬಾರದ ಪದ್ಧತಿಯನ್ನು ಎಷ್ಟು ಚೆನ್ನಾಗಿ ಪಾಲಿಸಿದ್ದರೆಂದರೆ, ಆ ವರ್ಷ ಯಾರನ್ನೂ ನೇಮಿಸಿಯೇ ಇರಲಿಲ್ಲ.

"ಹಂಗಾದ್ರ ಯಾರು ಕುಣಿಯಾಕತ್ತಾರ?" ಎಂದು ಅವರು ನನ್ನನ್ನೇ ಕೇಳಿದರು.  ಹೊರಡುವಾಗ ನನ್ನ ಮುಂಗೈ ಹಿಡಿದು, "ಯಾರರ ಆಗಿರಲಿ, ಹೆಸರು ಹಿಡಿದು ಕರಿಬ್ಯಾಡವ್ವಾ. ನಿಮ್ಮವ್ವಗೂ ಹೇಳು" ಎಂದರು. ಆ ಕೈ ತಣ್ಣಗಿತ್ತು. ಲಕ್ವದವರ ಕೈ ತಣ್ಣಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ, ಆದರೆ ಹಿಡಿದದ್ದು ಅವರ ಒಳ್ಳೆಯ ಕೈ.

ಮನೆಗೆ ಬಂದಾಗ ಕತ್ತಲಾಗುತ್ತಿತ್ತು. ಅವ್ವ ಹೊಸ್ತಿಲ ಮೇಲೆ ಕುಳಿತಿದ್ದಳು. ಎರಡು ಓಣಿಯ ಆಚೆ ಮೇಳ ಹಾಡುತ್ತಿತ್ತು, ಡೋಲಕಿನ ನಡುನಡುವೆ ಕೋಲಿನ ಗೆಜ್ಜೆಯ ಸದ್ದು ಕೇಳುತ್ತಿತ್ತು. ಅವ್ವ ತಲೆ ವಾರೆ ಮಾಡಿ ಕೇಳುತ್ತಿದ್ದಳು.

"ಕೆಮ್ಮಿಲ್ಲ. ಕೇಳಿದಿ?" ಎಂದಳು.

ನಾನು ಒಳಗೆ ಹೋಗಿ ನೀರು ಕುಡಿದೆ. ಇನ್ನೂ ಒಂದು ಚೆಂಬು ಕುಡಿದೆ. ಮಾಸ್ತರರು ಹೇಳಿದ್ದನ್ನು ಅವಳಿಗೆ ಹೇಳಬೇಕೆಂದು ಬಂದಿದ್ದೆ, ಹೇಳಲಾಗಲಿಲ್ಲ. ಯಾರನ್ನೂ ನೇಮಿಸಿಲ್ಲ ಎಂಬ ಒಂದು ಮಾತು ಸಾಕಿತ್ತು, ಅವಳು ಆ ಓಣಿಗೇ ಓಡಿಬಿಡುತ್ತಿದ್ದಳು.

ಹಬ್ಬದ ಹಿಂದಿನ ದಿನ ಮಾವ ಮತ್ತೆ ಮಾನ್ವಿಯಿಂದ ಬಂದ. ಅವನಿಗೆ ಎಲ್ಲವನ್ನೂ ಹೇಳಿದೆ. ಮಾವನಿಗೆ ಸಿಟ್ಟು ಬಂತು. ಭಯ ಬಂದರೂ ಅವನಿಗೆ ಸಿಟ್ಟೇ ಬರುತ್ತಿತ್ತು.

"ಮಿಲ್ಲಿನ ಯಾವನೋ ಮಗ ಆಟ ಹಚ್ಯಾನ" ಎಂದ. "ಸತ್ತವನ ಕಾಲು ಕುಣಿಸಿ ಮಂದೀನ ಅಂಜಸ್ತಾನೇನು? ಬರಲಿ ಇವತ್ತ. ಕಾಲಾಗಿಂದು ತಗೊಂಡು ಬಾರಿಸ್ತೀನಿ."

"ಮಾವಾ, ಅವ್ವ ಮುಖ ತಗೀತಾಳಂತ."

"ತಗೀಲಿ. ಯಾವನೋ ಅನ್ನೂದು ಕಣ್ಣಿಲೆ ನೋಡಿದ್ರ ಈಕಿ ಹುಚ್ಚು ಬಿಡ್ತದ."

"ಹುಚ್ಚು ಬಿಡ್ತದೋ, ಜೀವ ಬಿಡ್ತದೋ?" ಎಂದೆ. ಮಾವ ಬೀಡಿ ಹಚ್ಚಿದ. ಕಡ್ಡಿ ಎರಡು ಸಲ ಆರಿತು. ನನಗೂ ಅವನಷ್ಟೇ ಸಿಟ್ಟಿತ್ತು ಎನ್ನುವುದು ನಿಜ. ಯಾವನೇ ಆಗಿರಲಿ, ನಮ್ಮ ಅಪ್ಪನ ಕಾಲನ್ನು ಕೇಳದೆ ತೆಗೆದುಕೊಂಡಿದ್ದ.

ಆ ಸಂಜೆ ನಮ್ಮ ಓಣಿ ಎಂದಿಗಿಂತ ಹೆಚ್ಚು ಬೆಳಗಿತ್ತು. ಎಲ್ಲರ ಬಾಗಿಲಲ್ಲೂ ಚುಕ್ಕಿ, ನಮ್ಮ ಬಾಗಿಲಲ್ಲಿ ಮಾತ್ರ ಇಲ್ಲ. ಸಾವಿನ ಮನೆಯವರು ಆ ವರ್ಷ ಚುಕ್ಕಿ ಕಟ್ಟುವಂತಿಲ್ಲ. ಎರಡೂ ಕಡೆಯಿಂದ ಬೆಳಕು ಬಂದು ನಮ್ಮ ಅಂಗಳದ ಅಂಚಿನಲ್ಲಿ ನಿಂತಿತ್ತು. ಅವ್ವ ಸ್ನಾನ ಮಾಡಿ ಮದುವೆಯ ಇಳಕಲ್ ಸೀರೆ ಉಟ್ಟುಕೊಂಡಳು. ಅದು ಅವಳ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ನಾನು ಪಿನ್ನು ಹಾಕಿ ನಿಲ್ಲಿಸಿದೆ. ಆಮೇಲೆ ಪಕ್ಕದ ಮನೆಗೆ ತಾನೇ ಹೋಗಿ ಒಂದು ಹಿಡಿ ಹತ್ತಿ ಕೇಳಿ ತಂದಳು. ತಿಂಗಳುಗಳಿಂದ ಹತ್ತಿ ಕಂಡರೆ ಮುಖ ತಿರುಗಿಸುತ್ತಿದ್ದವಳು ಅದನ್ನು ಮುಷ್ಟಿಯಲ್ಲಿ ಹಿಡಿದು ಹೊಸ್ತಿಲ ಮೇಲೆ ನಿಂತಳು.

"ಯಾರೂ ನಡುವ ಬರಬಾರದು" ಎಂದಳು. ಮಾವನಿಗೂ, ನನಗೂ.

ಮೇಳ ಬಂತು. ಡೋಲಕಿನ ಕಾಕಾ ನನ್ನ ಕಡೆ ನೋಡಿ ನೋಟ ತಪ್ಪಿಸಿದರು. ಹಾಡು ಶುರುವಾಯಿತು. ಹಾಡುವವರ ದನಿ ಎಂದಿನಂತಿರಲಿಲ್ಲ. ಒಬ್ಬೊಬ್ಬರಿಗೂ ಏನೋ ಅನುಮಾನ ಹುಟ್ಟಿರಬೇಕು, ಯಾರೂ ಯಾರನ್ನೂ ಕೇಳಿರಲಿಲ್ಲ. ತಾತ ಕತ್ತಲೆಯಿಂದ ಗ್ಯಾಸ್ ಬತ್ತಿಯ ಬೆಳಕಿಗೆ ಬಂದ. ಗಡ್ಡ ಮೊಣಕಾಲಿನವರೆಗೆ ಬೆಳೆದಿತ್ತು, ಅಷ್ಟು ಉದ್ದದ ಗಡ್ಡವನ್ನು ನಾನು ಯಾವ ವರ್ಷವೂ ನೋಡಿರಲಿಲ್ಲ. ಆ ವರ್ಷ ಎಲ್ಲ ಮನೆಯ ಹೆಂಗಸರೂ ಎಂದಿಗಿಂತ ಹೆಚ್ಚು ಹತ್ತಿ ಕೊಟ್ಟಿದ್ದರು. ಅದು ಅಲುಗಾಡಿದಾಗ ಸಣ್ಣ ಎಳೆಗಳು ಬಿಟ್ಟುಕೊಂಡು ಬೆಳಕಿನಲ್ಲಿ ತೇಲುತ್ತಿದ್ದವು. ನಾನು ಉಸಿರು ಬಿಗಿಹಿಡಿದೆ, ಅದು ಮೂಗಿನೊಳಗೆ ಹೋಗಬಾರದೆಂದು.

ಅವನು ಕುಣಿದ. ಹಿಮ್ಮಡಿ ಊರಿದ, ತಿರುಗಿದ. ನಮ್ಮ ಅಂಗಳದಲ್ಲಿ ಒಂದು ಕಡೆ ಕಲ್ಲು ಕುಸಿದು ತಗ್ಗು ಬಿದ್ದಿದೆ, ಹೊಸಬರೆಲ್ಲ ಅಲ್ಲಿ ಎಡವುತ್ತಾರೆ. ಅವನು ಕೆಳಗೆ ನೋಡದೆ ಅದನ್ನು ದಾಟಿದ. ಮಾವ ತನ್ನ ಕಾಲಿನಿಂದ ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದಿದ್ದ. ತಾತ ತಗ್ಗು ದಾಟಿದ್ದನ್ನು ಕಂಡವನೇ ಚಪ್ಪಲಿಯನ್ನು ಮೆಲ್ಲಗೆ ನೆಲಕ್ಕೆ ಬಿಟ್ಟ.

ಹಾಡು ಮುಗಿಯಿತು. ತಾತ ಹೊಸ್ತಿಲ ಮುಂದೆ ಬಂದು ತಲೆ ಬಗ್ಗಿಸಿ ನಿಂತ. ಅವ್ವ ಮುಷ್ಟಿ ಬಿಚ್ಚಿ ಹತ್ತಿಯನ್ನು ಗಡ್ಡಕ್ಕೆ ಸೇರಿಸಿದಳು. ಅವಸರ ಮಾಡಲಿಲ್ಲ, ಎಳೆ ಎಳೆಯಾಗಿ ಸೇರಿಸಿದಳು. ಆಮೇಲೆ ಎರಡೂ ಕೈಗಳನ್ನು ಮೇಲೆತ್ತಿ ಮುಖವಾಡದ ಅಂಚುಗಳನ್ನು ಹಿಡಿದಳು.

 ಗ್ಯಾಸ್ ಬತ್ತಿ ಸುಂಯ್ ಅನ್ನುತ್ತಿತ್ತು. ಅವನು ಹಿಂದೆ ಸರಿಯಲಿಲ್ಲ, ಕೈ ತಡೆಯಲಿಲ್ಲ.  ಹಿಂದೆ ಕಟ್ಟಿದ್ದ ದಾರ ವಾರದ ಬೆವರಿಗೆ ಸಡಿಲಾಗಿತ್ತೇನೋ, ಅವ್ವನ ಬೆರಳು ತಾಗಿದ ಕೂಡಲೇ ಮುಖವಾಡ ಒಂದು ಬದಿಗೆ ಜಗ್ಗಿತು. ನಾನು ನಿಂತಲ್ಲಿಗೆ ಏನೂ ಕಾಣುತ್ತಿರಲಿಲ್ಲ. ಅವ್ವ ಇನ್ನೊಂದು ಬೆರಳಿನಷ್ಟು ಎಳೆದರೆ ಸಾಕಿತ್ತು.

ಅವ್ವ ಕಣ್ಣು ಮುಚ್ಚಿಕೊಂಡಳು.

ಕಣ್ಣು ಮುಚ್ಚಿಕೊಂಡೇ ಮುಖವಾಡವನ್ನು ನೆಟ್ಟಗೆ ಮಾಡಿದಳು. ಹೊಸ್ತಿಲು ಇಳಿದು, ಒಂದು ಕೈಯಿಂದ ಅವನ ಹೆಗಲನ್ನು ಸವರಿಕೊಂಡು ಸುತ್ತಿ ಹಿಂದಕ್ಕೆ ಹೋಗಿ ನಿಂತು, ಆಮೇಲೆ ಕಣ್ಣು ತೆರೆದಳು. ದಾರದ ಎರಡೂ ತುದಿ ಹಿಡಿದು, ನನ್ನ ಜಡೆ ಎಳೆದ ಹಾಗೆ ಎಳೆದು, ಗಂಟು ಹಾಕಿದಳು. ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು.

"ಹೋಗ್ರಿ" ಎಂದಳು. "ಇನ್ನೂ ಮನಿ ಅದಾವ."

ಡೋಲಕಿನ ಕಾಕಾ ಅಳುತ್ತಲೇ ಡೋಲಕಿಗೆ ಪೆಟ್ಟು ಹಾಕಿದರು. ಮೇಳ ಪಕ್ಕದ ಮನೆಗೆ ಸರಿಯಿತು. ಅವ್ವ ಒಳಗೆ ಹೋದಳು, ಮಾವ ಕಟ್ಟೆಯ ಮೇಲೆ ಕುಸಿದು ಕುಳಿತ.

ನನಗೆ ಮಾತ್ರ ತಡೆಯಲಾಗಲಿಲ್ಲ. ಅವಳಿಗೆ ಬೇಡವಾದರೆ ಬೇಡ, ನನಗೆ ಬೇಕಿತ್ತು. ಅವನು ನನಗೂ ಅಪ್ಪ, ಅಥವಾ ನನ್ನ ಅಪ್ಪನ ಕಾಲನ್ನು ಕದ್ದವನು. ನಾನು ಓಣಿಗೆ ಇಳಿದು ಮೇಳದ ಹಿಂದೆ ನಡೆದೆ. ಪಕ್ಕದ ಮನೆಯ ಮುಂದೆ ಅವನು ನನಗೆ ಬೆನ್ನು ಮಾಡಿ ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದ. ಎಲ್ಲರೂ ಹಾಡುತ್ತಿದ್ದರು, ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಅವ್ವ ಹಾಕಿದ ಗಂಟು ನನ್ನ ಮುಖದ ಮುಂದೆಯೇ ಇತ್ತು. ಕೆಂಪು ಬಟ್ಟೆಯಿಂದ ಮಿಲ್ಲಿನ ವಾಸನೆ ಬರುತ್ತಿತ್ತು, ಹಸಿ ಹತ್ತಿಬೀಜದ ವಾಸನೆ. ಅದು ನಮ್ಮ ಓಣಿಯ ಎಲ್ಲ ಗಂಡಸರ ವಾಸನೆ. ನಾನು ಕೈಯೆತ್ತಿದೆ. ಅಪ್ಪನ ಹೆಸರು ನಾಲಿಗೆಯ ತುದಿಗೆ ಬಂತು. ಅವನು ಕುಣಿಯದೆ ನಿಂತುಬಿಟ್ಟ, ಕಾಯುವವನ ಹಾಗೆ.

ನಾನು ತಿರುಗಿ ಓಡಿದೆ.

ಮನೆಯೊಳಗೆ ಬಂದಾಗ ಅವ್ವ ಒಲೆಯ ಮುಂದೆ ಕುಳಿತಿದ್ದಳು.  "ಅವ್ವಾ, ಅಂವ ಇನ್ನೂ ಇಲ್ಲೇ ಅದಾನ. ಪಕ್ಕದ ಮನಿ ಮುಂದ. ಈಗೂ ನೋಡಬಹುದು" ಎಂದೆ.

ಅವ್ವ ನನ್ನ ಕಡೆ ನೋಡಿದಳು. ಅವಳ ತೊಡೆಯ ಮೇಲೆ ತಾಟು ಇತ್ತು. ರೊಟ್ಟಿಯನ್ನು ದೊಡ್ಡದಾಗಿ ಮುರಿದು ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡು, ಹಸಿದವರು ಉಣ್ಣುವಂತೆ ಉಣ್ಣುತ್ತಿದ್ದಳು. ಕಣ್ಣಿನಿಂದ ನೀರು ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅದನ್ನು ಒರೆಸಿಕೊಳ್ಳಲಿಲ್ಲ.

"ನೋಡಿದ್ರ ಯಾವನೋ ಒಬ್ಬ ಆಗಿಬಿಡ್ತಾನ" ಎಂದಳು. "ಬಾ, ಉಣ್ಣು."